ಊರಿನ ದುಡ್ಡು ಯಾರ ಮಾತು ಕೇಳುತ್ತದೆ?

(ದತ್ತಿ ಉಪನ್ಯಾಸದ ಪಠ್ಯ)



1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕು ಬಾಗಿಲು ತೆರೆಯಿತು. ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂದು ಹೆಸರು; ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಇದೇ. ಮುಂದೆ ನಿಂತವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ವ್ಯವಹಾರ ಮುಗಿಸಿ ಲೆಕ್ಕ ಕೂಡಿದಾಗ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ನಾಲ್ಕು ತಿಂಗಳು ತುಂಬುವ ಮೊದಲೇ, ಜುಲೈ 1ರಂದು, ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. ಅದೇ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ನಾವೆಲ್ಲ ಬಲ್ಲ ಸಿಂಡಿಕೇಟ್ ಬ್ಯಾಂಕ್. 1931ರಲ್ಲಿ ಮತ್ತೆ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ನೇತೃತ್ವದಲ್ಲಿ ವಿಜಯಾ ಬ್ಯಾಂಕ್. ಇಪ್ಪತ್ತಾರು ವರ್ಷಗಳ ಒಳಗೆ ಒಂದೇ ಜಿಲ್ಲೆ, ಅಂದಿನ ದಕ್ಷಿಣ ಕನ್ನಡ, ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತಿತು. ಸಣ್ಣ ಬ್ಯಾಂಕುಗಳೂ ಫಂಡುಗಳೂ ಬೇರೆ.

ಇಷ್ಟನ್ನು ನಮ್ಮ ಜಿಲ್ಲೆಯ ಪ್ರತಿಯೊಂದು ವೇದಿಕೆಯ ಮೇಲೂ ಹೇಳುತ್ತೇವೆ, ಚಪ್ಪಾಳೆ ಬೀಳುತ್ತದೆ, ಕಾರ್ಯಕ್ರಮ ಮುಂದಕ್ಕೆ ಹೋಗುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಆ ಚಪ್ಪಾಳೆಯ ಆಚೆಗಿನ ಮಾತು. ಒಂದು ಪ್ರದೇಶದ ಜನ ತಮ್ಮದೇ ದುಡ್ಡಿನಿಂದ ತಮ್ಮ ಊರನ್ನು ಬೆಳೆಸಿಕೊಳ್ಳುವುದು ಹೇಗೆ? ಉಳಿತಾಯ ಒಂದಿದ್ದರೆ ಸಾಕೇ? ಸಾಲದು ಎಂಬುದು ನನ್ನ ತಿಳಿವಳಿಕೆ. ದುಡ್ಡು ಎಲ್ಲಿ ಕೂಡುತ್ತದೆ ಎಂಬುದಕ್ಕಿಂತ ಅದು ಎಲ್ಲಿಗೆ ಹೋಗಬೇಕೆಂದು ಯಾರು, ಎಲ್ಲಿ ಕೂತು ತೀರ್ಮಾನ ಮಾಡುತ್ತಾರೆ ಎಂಬುದು ದೊಡ್ಡದು. ಕರಾವಳಿಯ ನೂರು ವರ್ಷದ ಅನುಭವ ನನಗೆ ಕಲಿಸಿದ್ದು ಇದನ್ನು.

ಈ ಜಿಲ್ಲೆಯಲ್ಲಿಯೇ ಏಕೆ ಇದು ನಡೆಯಿತು? ಕರಾವಳಿಯವರಿಗೆ ಹುಟ್ಟಿನಿಂದ ವ್ಯವಹಾರಬುದ್ಧಿ ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಅದು ಹೊಗಳಿಕೆ ಅಷ್ಟೇ. ಆ ಹೊತ್ತಿಗೆ ಮೈಸೂರು ಸಂಸ್ಥಾನ ಏನು ಮಾಡುತ್ತಿತ್ತೆಂದು ನೋಡಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕ್ ಸ್ಥಾಪನೆಯಾಯಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅಲ್ಲಿ ಬಂಡವಾಳಕ್ಕೊಂದು ಸಿಂಹಾಸನದ ಬೆನ್ನಾಸರೆ ಇತ್ತು. ದಕ್ಷಿಣ ಕನ್ನಡವೋ ಮದ್ರಾಸ್ ಪ್ರಾಂತ್ಯದ ಪಶ್ಚಿಮದ ಅಂಚಿನಲ್ಲಿದ್ದ ಜಿಲ್ಲೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಘಟ್ಟ ಒಂದು ಕಡೆ, ಸಮುದ್ರ ಇನ್ನೊಂದು ಕಡೆ, ನಡುವೆ ಸೇತುವೆಯಿಲ್ಲದ ಹೊಳೆಗಳು. ಮಳೆಗಾಲದಲ್ಲಿ ದೋಣಿಯವ ಬಂದರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ. ಮೈಸೂರಿನ ದಿವಾನರು ಇಲ್ಲಿಗೆ ಕಾರ್ಖಾನೆ ತರುವವರಲ್ಲ, ಮದ್ರಾಸಿನ ಗವರ್ನರಿಗೆ ಈ ಜಿಲ್ಲೆ ನೆನಪಾಗುವುದು ಕಂದಾಯದ ಹೊತ್ತಿಗೆ. ಕೇಳಲು ಯಾರೂ ಇಲ್ಲದವರು ತಮ್ಮೊಳಗೇ ಕೇಳಿಕೊಂಡರು.

ಹಾಗೆಂದು ಬರಿಗೈಯ ಜಿಲ್ಲೆಯೂ ಆಗಿರಲಿಲ್ಲ. ಬಂದರಿನಿಂದ ಅಕ್ಕಿ, ತೆಂಗು, ಅಡಿಕೆ, ಕಾಳುಮೆಣಸು ಹೋಗುತ್ತಿತ್ತು. ಘಟ್ಟದ ಕಾಫಿ ಸಂಸ್ಕರಣೆಗೆ ಮಂಗಳೂರಿಗೆ ಇಳಿಯುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯ ಹಾದಿಯಲ್ಲಿ ನೇತ್ರಾವತಿಯ ದಂಡೆಗೆ ಎಷ್ಟೋ ಹೆಂಚಿನ ಕಾರ್ಖಾನೆಗಳು ಬಂದವು. ವ್ಯಾಪಾರವಿತ್ತು, ನಗದಿತ್ತು. ಇಲ್ಲದ್ದು ಆ ನಗದನ್ನು ನಂಬಿಕೆಯಿಂದ ಒಪ್ಪಿಸಲು ಒಂದು ಜಾಗ. ಸಾಹುಕಾರನ ಬಡ್ಡಿ ಕುತ್ತಿಗೆಗೆ ಬರುತ್ತಿತ್ತು. ದೂರದ ದೊಡ್ಡ ಕಂಪನಿಗಳ ಮೇಲೆ ಭರವಸೆ ಇಟ್ಟವರ ಗತಿ ಏನಾಯಿತೆಂಬುದನ್ನು ಸುಬ್ಬರಾವ್ ಪೈಯವರ ಫಂಡ್ ಶುರುವಾದ ವರ್ಷವೇ ಎಲ್ಲರೂ ಕಂಡರು. 1906ರ ಅಕ್ಟೋಬರಿನಲ್ಲಿ ಮದ್ರಾಸಿನ ಆರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಸರ್ಕಾರಿ ನೌಕರರು, ವಿಧವೆಯರು, ಪಿಂಚಣಿದಾರರು ಇಟ್ಟಿದ್ದ ಠೇವಣಿ ಮುಳುಗಿತು. ಅವರ ಹಣವನ್ನು ಯಾವ ದೇಶದ ಯಾವ ಗಣಿಯಲ್ಲಿ ಹೂಡಿದ್ದರೆಂದು ಠೇವಣಿದಾರನಿಗೆ ಗೊತ್ತಿರಲೇ ಇಲ್ಲ. ಅಂಥ ಹೊತ್ತಿನಲ್ಲಿ, ಬೀದಿಯಲ್ಲಿ ಎದುರಾದರೆ ನಿಲ್ಲಿಸಿ ಲೆಕ್ಕ ಕೇಳಬಹುದಾದ ವಕೀಲರೊಬ್ಬರ ಫಂಡ್ ಜನರಿಗೆ ಸಣ್ಣದಾಗಿ ಕಾಣಲಿಲ್ಲ.

ಸುಬ್ಬರಾವ್ ಪೈಯವರು ಫಂಡ್ ಕಟ್ಟುವುದಕ್ಕೆ ಹದಿನೈದು ವರ್ಷ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲ್ ಕಟ್ಟಿದ್ದರು. 1894ರಲ್ಲಿ ಹುಡುಗಿಯರ ಶಾಲೆ. ಶಾಲೆ ಮೊದಲು, ಬ್ಯಾಂಕು ಆಮೇಲೆ. ಉಡುಪಿಯ ಸಿಂಡಿಕೇಟ್ ಬ್ಯಾಂಕಿನ ಕಥೆಯಲ್ಲಿ ಇದು ತಿರುಗುಮುರುಗಾಯಿತು. ಅಲ್ಲಿ ಬ್ಯಾಂಕು ಮೊದಲು, ಕಾಲೇಜು ಆಮೇಲೆ. ಆದರೆ ಎರಡೂ ಕಡೆ ಒಂದೇ ಕೈ ಎರಡನ್ನೂ ಮಾಡಿತು. ಶಾಲೆ ಕಲಿತ ಹುಡುಗ ಬ್ಯಾಂಕಿನ ಗುಮಾಸ್ತನಾದ, ಬ್ಯಾಂಕಿನ ಲಾಭ ಮತ್ತೊಂದು ಶಾಲೆಯ ಗೋಡೆಯಾಯಿತು. ಆರ್ಥಿಕ ಬೆಳವಣಿಗೆಗೆ ಬಂಡವಾಳ ಮೊದಲೋ ವಿದ್ಯೆ ಮೊದಲೋ ಎಂದು ನಾವು ತರಗತಿಯಲ್ಲಿ ಚರ್ಚೆ ಮಾಡುತ್ತೇವೆ. ಅವರು ಆ ಚರ್ಚೆಗೆ ಕೂರಲಿಲ್ಲ.

ಈಗ ಪಿಗ್ಮಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಸಿಂಡಿಕೇಟ್ ಬ್ಯಾಂಕನ್ನು ಕಟ್ಟಿದವರು ಮೂವರು: ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ. ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲವದು. ಅವರಿಗೆ ಆಸರೆಯಾಗಬೇಕೆಂಬುದು ಉದ್ದೇಶಗಳಲ್ಲೊಂದು. ಸಾಲ ಕೊಡಬೇಕಾದರೆ ಠೇವಣಿ ಬೇಕು, ಠೇವಣಿ ಇಡುವಷ್ಟು ಇಡಿಗಂಟು ಯಾರ ಬಳಿಯೂ ಇಲ್ಲ. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಕಟ್ಟಲು ಬ್ಯಾಂಕಿಗೆ ಹೋಗಬೇಕಿಲ್ಲ, ಬ್ಯಾಂಕೇ ಬಾಗಿಲಿಗೆ ಬರುತ್ತದೆ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಆ ಕಾಲದ ಬೀಡಾ ಅಂಗಡಿಯವನು ತನ್ನ ಜನ್ಮದಲ್ಲಿ ಒಟ್ಟಿಗೆ ಕಂಡಿರದ ಮೊತ್ತ.

ನಾನು ಚಿಕ್ಕವನಿದ್ದಾಗ ನಮ್ಮ ಪೇಟೆಯ ಹೋಟೆಲಿನಲ್ಲಿ ದಿನಾ ನೋಡುತ್ತಿದ್ದ ನೋಟ ಇದು. ಸಂಜೆ ಗೋಳಿಬಜೆಯ ಬಾಣಲೆ ಇಳಿಸುವ ಹೊತ್ತಿಗೆ ಪಿಗ್ಮಿಯವರು ಬರುತ್ತಿದ್ದರು. ಕಂಕುಳಲ್ಲಿ ರೆಕ್ಸಿನ್ ಚೀಲ, ಮಳೆಗಾಲವಾದರೆ ಕೊಡೆ. ಗಲ್ಲಾದಲ್ಲಿ ಕೂತ ಭಟ್ಟರು ಬೇರೆಯಾಗಿ ಎತ್ತಿಟ್ಟ ಚಿಲ್ಲರೆಯನ್ನು ಮುಂದಕ್ಕೆ ಸರಿಸುತ್ತಿದ್ದರು. ಕಾರ್ಡಿನಲ್ಲಿ ತಾರೀಕು, ಮೊತ್ತ, ಸಹಿ. ಅರ್ಧ ನಿಮಿಷದ ಕೆಲಸ. ಆದರೆ ಪಿಗ್ಮಿಯವರು ಅರ್ಧ ನಿಮಿಷಕ್ಕೆ ಹೋಗುತ್ತಿರಲಿಲ್ಲ. ‘ಇವತ್ತು ಗಿರಾಕಿ ಕಡಿಮೆ ಕಾಣ್ತದಲ್ಲ ಭಟ್ರೇ’ ಎಂದು ಮಾತು ತೆಗೆದರೆ ಎದುರಿಗೆ ಹೊಸ ಹೋಟೆಲು ಬರುತ್ತಿರುವ ಸುದ್ದಿ, ಗ್ರೈಂಡರ್ ಕೆಟ್ಟ ಸುದ್ದಿ, ಮಗಳಿಗೆ ನೆಂಟಸ್ತಿಕೆ ಬಂದ ಸುದ್ದಿ ಎಲ್ಲ ಹೊರಗೆ ಬರುತ್ತಿತ್ತು. ಅಲ್ಲಿಂದ ಟೈಲರ್ ಅಂಗಡಿ, ಅಲ್ಲಿಂದ ಸೈಕಲ್ ರಿಪೇರಿಯವನು, ಅಲ್ಲಿಂದ ಮೀನು ಮಾರುವ ಹೆಂಗಸರು. ಭಟ್ಟರು ಗ್ರೈಂಡರಿಗೆ ಸಾಲ ಕೇಳಿ ಬ್ಯಾಂಕಿಗೆ ಹೋಗುವಷ್ಟರಲ್ಲಿ ಮ್ಯಾನೇಜರಿಗೆ ವಿಷಯ ಗೊತ್ತಾಗಿರುತ್ತಿತ್ತು. ದಿನ ತಪ್ಪದೆ ಚಿಲ್ಲರೆ ಎತ್ತಿಟ್ಟವನ ಕಾರ್ಡೇ ಅವನ ಯೋಗ್ಯತಾಪತ್ರ. ಇಂದು ಕಂಪ್ಯೂಟರಿನಲ್ಲಿ ಮೂರಂಕಿಯ ಕ್ರೆಡಿಟ್ ಸ್ಕೋರ್ ಹೇಳುವುದನ್ನು ಅಂದು ಕಾಲ್ನಡಿಗೆಯ ಒಬ್ಬ ಮನುಷ್ಯ ಹೇಳುತ್ತಿದ್ದ. ಕೊಡದ ದಿನ ಏಕೆ ಕೊಡಲಿಲ್ಲ ಎಂಬುದನ್ನೂ ಹೇಳುತ್ತಿದ್ದ. ಸ್ಕೋರಿಗೆ ಅದು ಬಾರದು.

ಪಿಗ್ಮಿಯನ್ನು ಎಲ್ಲರೂ ಉಳಿತಾಯದ ಯೋಜನೆ ಎಂದು ಬರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಸಾಧನೆ ಇರುವುದು ಸಾಲದ ಬದಿಯಲ್ಲಿ. ಊರಿನ ದುಡ್ಡನ್ನು ಒಟ್ಟುಮಾಡುತ್ತ ಊರಿನ ತಿಳಿವಳಿಕೆಯನ್ನೂ ಒಟ್ಟುಮಾಡಿತು. ಆ ತಿಳಿವಳಿಕೆ ಶಾಖೆಯಲ್ಲಿ ಇದ್ದುದರಿಂದ ತೀರ್ಮಾನವೂ ಶಾಖೆಯಲ್ಲಿ ಆಗುತ್ತಿತ್ತು.

ಇಡೀ ಕಟ್ಟಡವನ್ನು ಹೊತ್ತು ನಡೆದ ಆ ಪಿಗ್ಮಿ ಸಂಗ್ರಾಹಕರಿಗೆ ಬಹುಕಾಲ ಸಿಕ್ಕಿದ್ದು ಕಮಿಷನ್ ಮಾತ್ರ. ಅವರು ಬ್ಯಾಂಕಿನ ಕೆಲಸಗಾರರೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಹೌದು, ಅವರೂ ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರು ಎಂದು ಕೋರ್ಟು ಹೇಳಿದ್ದು 2001ರಲ್ಲಿ, ಯೋಜನೆ ಶುರುವಾಗಿ ಎಪ್ಪತ್ತಮೂರು ವರ್ಷಗಳ ನಂತರ. ಬ್ಯಾಂಕುಗಳ ಚರಿತ್ರೆ ಬರೆಯುವಾಗ ಸ್ಥಾಪಕರ ಭಾವಚಿತ್ರದ ಜೊತೆಗೆ ಇವರದೂ ಒಂದು ಅಧ್ಯಾಯ ಇರಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಹಣ ಹೀಗೆ ಕೂಡಿದ ಮೇಲೆ ಏನಾಯಿತೆಂಬುದಕ್ಕೆ ಮಣಿಪಾಲವೇ ಕಣ್ಣೆದುರಿಗಿದೆ. ಬೋಳು ಮುರಕಲ್ಲಿನ ಗುಡ್ಡ. 1942ರಲ್ಲಿ ಟಿ.ಎಂ.ಎ. ಪೈಯವರು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು. ಸರ್ಕಾರದ ಹಣಕ್ಕೆ ಕಾಯದೆ, ವಿದ್ಯಾರ್ಥಿಗಳ ಪೋಷಕರಿಂದಲೇ ಬಂಡವಾಳ ಎತ್ತಿ ಕಟ್ಟಿದ ವೈದ್ಯಕೀಯ ಕಾಲೇಜು ಅದು. ಅದರಿಂದ ಸುತ್ತಲಿನ ಹಳ್ಳಿಗಳಿಗೆ ಆಸ್ಪತ್ರೆ ಸಿಕ್ಕಿತು, ಸಾವಿರಾರು ಮನೆಗಳಿಗೆ ಉದ್ಯೋಗ ಸಿಕ್ಕಿತು. ಅದೇ ದಾರಿಯಲ್ಲಿ ನಡೆದ ಇತರರಿಂದ ಡೊನೇಷನ್ ಎಂಬ ಪಿಡುಗೂ ದೇಶಕ್ಕೆ ಸಿಕ್ಕಿತು ಎಂಬುದನ್ನು ಮುಚ್ಚಿಡಲಾರೆ. ಊರು ತನ್ನ ಬಲದಿಂದ ಎದ್ದು ನಿಲ್ಲುವಾಗ ಯಾರ ಹೆಗಲ ಮೇಲೆ ಭಾರ ಬೀಳುತ್ತದೆ ಎಂದು ಕೇಳುವುದು ಅಪಚಾರವಲ್ಲ.

ಈ ಪ್ರಶ್ನೆಯನ್ನು ಇನ್ನೂ ಹಿಂದಕ್ಕೆ ಒಯ್ಯಬೇಕು. ಈ ಬ್ಯಾಂಕುಗಳು ಹುಟ್ಟಿದ್ದು ಜಾತಿ, ಸಮುದಾಯಗಳ ನಂಟಿನಲ್ಲಿ. ಗೌಡ ಸಾರಸ್ವತರು, ಬಂಟರು, ಶಿವಳ್ಳಿಯವರು, ಕ್ರೈಸ್ತರು ತಮ್ಮ ತಮ್ಮವರ ಷೇರು ಹಣದಿಂದ ಶುರುಮಾಡಿದರು. ಗೊತ್ತಿದ್ದವನಿಗೆ ಗೊತ್ತಿದ್ದವನು ಜಾಮೀನು. ಅದು ಶಕ್ತಿಯೂ ಹೌದು, ಬೇಲಿಯೂ ಹೌದು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಬೇರೆ ಬೇರೆ ಸಮುದಾಯದವರನ್ನು ಕೂಡಿಸಿಕೊಂಡು ನಿಂತದ್ದರಿಂದಲೇ ಅವರ ಹೆಸರನ್ನು ನಾನು ಮೊದಲು ಎತ್ತಿದ್ದು. ಆದರೆ ಚಾಲಗೇಣಿಯ ಒಕ್ಕಲು, ಕೊರಗರ ಕೊಪ್ಪದ ಬುಟ್ಟಿ ಹೆಣೆಯುವವರು, ಹೊಲೆಯ-ಮಾದಿಗ ಕೇರಿಯ ಕೂಲಿಗಳು ಆ ಬೇಲಿಯ ಹೊರಗೇ ಉಳಿದರು. ಭೂಮಿ ಯಾರದೋ ಅವನಿಗೆ ಅಡಮಾನ, ಅಡಮಾನ ಯಾರಿಗೋ ಅವನಿಗೆ ಸಾಲ. ಗೇಣಿದಾರನಿಗೆ ಮೊದಲ ಬಾರಿಗೆ ಅಡಮಾನ ಇಡಲು ಏನಾದರೂ ಸಿಕ್ಕಿದ್ದು 1974ರ ಭೂಸುಧಾರಣೆಯಿಂದ. ಡಿಕ್ಲರೇಶನ್ ಕೊಟ್ಟು, ಟ್ರಿಬ್ಯೂನಲಿಗೆ ಅಲೆದು, ಪಟ್ಟೆ ಪಡೆದ ಒಕ್ಕಲಿನ ಮಗ ಸೊಸೈಟಿಯಲ್ಲಿ ಬೆಳೆಸಾಲ ತೆಗೆದ. ಆದ್ದರಿಂದ ಸ್ಥಳೀಯ ಬಂಡವಾಳ, ಸರ್ಕಾರದ ಕಾನೂನು ಎರಡನ್ನೂ ಎದುರುಬದುರು ನಿಲ್ಲಿಸುವುದು ಸರಿಯಲ್ಲ. ಕಾನೂನು ಬೇಲಿ ಮುರಿಯದಿದ್ದರೆ ಊರಿನ ದುಡ್ಡು ಊರಿನ ಅರ್ಧ ಜನರ ಸುತ್ತಲೇ ಸುತ್ತುತ್ತಿತ್ತು.

ಸೊಸೈಟಿ ಎಂದೆ. ಸಹಕಾರದ ಮಾತಿಲ್ಲದೆ ಈ ವಿಷಯ ಮುಗಿಯದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿ ದೇಶಕ್ಕೇ ಮೊದಲಿಗರಾದರು. ನಮ್ಮಲ್ಲಿ ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು ಆ ಕೆಲಸಕ್ಕೆ ಜೀವ ತೇದರು. ಬ್ಯಾಂಕಿನಲ್ಲಿ ಷೇರು ಹೆಚ್ಚಿದ್ದವನ ಮಾತು ಹೆಚ್ಚು. ಸಂಘದಲ್ಲಿ ನೂರು ಷೇರಿನವನಿಗೂ ಒಂದು ಷೇರಿನವನಿಗೂ ಒಂದೇ ಮತ. ಕಾಗದದ ಮೇಲೆ ಇದಕ್ಕಿಂತ ಚೆಂದದ ವ್ಯವಸ್ಥೆ ಇಲ್ಲ. ನಡೆಯುವುದು ಹೇಗೆ?

ಒಂದು ಅವಧಿಗೆ ನಾನು ಊರಿನ ಸೊಸೈಟಿಯ ಆಡಳಿತ ಮಂಡಳಿಯಲ್ಲಿದ್ದೆ. ಒಬ್ಬ ಹುಡುಗ ಅಡಿಕೆ ಸುಲಿಯುವ ಯಂತ್ರಕ್ಕೆ ಸಾಲ ಕೇಳಿದ. ಸ್ವಂತ ತೋಟವಿಲ್ಲ, ಆರ್‌ಟಿಸಿ (ಪಹಣಿ) ಇಲ್ಲ. ಯಂತ್ರವನ್ನು ಜೀಪಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ ಸುಲಿದು ಕೊಡುತ್ತೇನೆ ಎಂದು ಅವನ ಯೋಜನೆ. ನಿಯಮ ನೋಡಿದರೆ ಅರ್ಜಿ ಅಲ್ಲೇ ತಿರಸ್ಕೃತ. ಹಿರಿಯ ಕೃಷಿಕರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: ‘ಅವ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬರುವ ಜನ ಮಾರಾಯ್ರೆ. ಈಗ ಸುಲಿಯುವವರು ಸಿಗುವುದುಂಟಾ? ಜಾಮೀನಿಗೆ ನಾನು ದಸ್ಕತ್ತು ಹಾಕ್ತೇನೆ.’ ಸಾಲ ಮಂಜೂರಾಯಿತು, ಕಂತು ತಪ್ಪಲಿಲ್ಲ. ಅದೇ ಮೇಜಿನ ಮೇಲೆ, ಬೇರೊಂದು ಸಭೆಯಲ್ಲಿ, ಕಾಲನಿಯ ಹೆಂಗಸೊಬ್ಬಳ ಅರ್ಜಿ ಬಂತು. ಬುಟ್ಟಿ, ಮೊರ ಮಾಡಿ ಮಾರಲು ಸಣ್ಣ ಮೊತ್ತ. ಯಾರೂ ಬೇಡ ಎನ್ನಲಿಲ್ಲ. ‘ಮುಂದಿನ ಸಭೆಗೆ ಇಡುವ’ ಎಂದರು. ಅವಳ ಪರ ದಸ್ಕತ್ತು ಹಾಕುವಷ್ಟು ಅವಳನ್ನು ಬಲ್ಲವರು ಆ ಮೇಜಿನ ಸುತ್ತ ಇರಲಿಲ್ಲ. ಸ್ಥಳೀಯ ತಿಳಿವಳಿಕೆ ಎಂದು ನಾವು ಹೊಗಳುವುದು ಮೇಜಿನ ಸುತ್ತ ಕೂತವರ ತಿಳಿವಳಿಕೆಯನ್ನು. ಯಾರು ಕೂತಿದ್ದಾರೆ ಎಂಬುದರ ಮೇಲೆ ಅದರ ಬೆಲೆ.

ಅಂಥ ಹೆಂಗಸಿಗೆ ದಾರಿ ತೆರೆದದ್ದು ಸ್ವಸಹಾಯ ಸಂಘಗಳು. 1980ರ ದಶಕದಲ್ಲಿ ಕರ್ನಾಟಕದಲ್ಲೇ ಮೈರಾಡ ಸಂಸ್ಥೆ ಇದನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು. ಮೇಜಿನ ಸುತ್ತ ಈಗ ಅವಳೇ ಕೂತಳು. ಆದರೆ ಇತ್ತೀಚೆಗೆ ವಾರದ ಕಂತಿನ ಸಾಲ ಕೊಡುವವರು ಹೆಚ್ಚಾಗಿ, ಒಂದು ಸಾಲ ತೀರಿಸಲು ಇನ್ನೊಂದು ತೆಗೆಯುವ ಮನೆಗಳೂ ಹೆಚ್ಚಾಗಿವೆ. ಕಿರುಸಾಲದ ವಸೂಲಿ ದಬ್ಬಾಳಿಕೆಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಗುಂಪಿನ ಸ್ವಂತ ಉಳಿತಾಯದಿಂದ ಹೊರಟ ಸಾಲಕ್ಕೂ, ಗುಂಪನ್ನು ಬರೀ ವಸೂಲಿಯ ಸಾಧನ ಮಾಡಿಕೊಂಡು ಹೊರಗಿನಿಂದ ಬಂದ ಸಾಲಕ್ಕೂ ಇರುವ ಅಂತರವನ್ನು ನೀವು ಯಾವ ಹಳ್ಳಿಯಲ್ಲಿ ಬೇಕಾದರೂ ನೋಡಬಹುದು.

ಊರಿನವರೇ ಸೇರಿ ಒಂದು ಇಡೀ ಬೆಳೆಯನ್ನು ಉಳಿಸಿಕೊಂಡ ಉದಾಹರಣೆಯೂ ನಮ್ಮಲ್ಲಿದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿತು. ತೋಟ ಎಬ್ಬಿಸಲು ಸಾಲ ಮಾಡಿದವರು ಕಂಗಾಲಾದರು. ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಟ್ಟುಮಾಡಿ ಹೊರಟರು. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರನ್ನು ಸೇರಿಸಿಕೊಂಡು 1973ರ ಜುಲೈ 11ರಂದು ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ಅದು ಮಾರುಕಟ್ಟೆಯ ಎಲ್ಲ ಅಡಿಕೆಯನ್ನೂ ಕೊಳ್ಳಬೇಕಾಗಿಲ್ಲ. ಚಾಲಿ ಅಡಿಕೆಗೆ ಇಂದು ಇಷ್ಟು ದರ ಎಂದು ಅದರ ಡಿಪೋದ ಬೋರ್ಡಿನಲ್ಲಿ ಬರೆದರೆ ಸಾಕು, ಖಾಸಗಿ ವರ್ತಕ ಅದಕ್ಕಿಂತ ತೀರ ಕೆಳಗೆ ಕೇಳಲಾರ.

ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕೊಕ್ಕೊದ ಕಥೆ. ಅಡಿಕೆ ಮರದ ನೆರಳಿನಲ್ಲಿ ಕೊಕ್ಕೊ ಹಾಕಿ, ನಾವು ಕೊಳ್ಳುತ್ತೇವೆ ಎಂದು ಖಾಸಗಿಯವರು ಹುರಿದುಂಬಿಸಿದ್ದರು. 1979-80ರ ಸುಮಾರಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ದರ ಕುಸಿದಾಗ ಕೊಳ್ಳುವವರು ಹಿಂದೆ ಸರಿದರು. ಕೊಕ್ಕೊ ಕೋಡು ಮರದಲ್ಲೇ ಕಪ್ಪಾಯಿತು. ಕೆಲವರು ಗಿಡ ಕಡಿದು ಹಾಕಿದರು. ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೆ ಇಳಿಯಿತು. ಹಸಿ ಬೀಜವನ್ನು ಕೊಳ್ಳುವುದೆಂದರೆ ಅದನ್ನು ಹುದುಗಿಸಬೇಕು, ಒಣಗಿಸಬೇಕು, ಮಾರಲು ದೇಶಾಂತರ ಹುಡುಕಬೇಕು. ಇಷ್ಟೆಲ್ಲ ಮಾಡಿಯೂ ಇನ್ನೊಬ್ಬರ ಕಾರ್ಖಾನೆಯ ಕೃಪೆಯಲ್ಲಿ ಇರುವುದೇಕೆಂದು, 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆ ಕಟ್ಟಿದರು. ರಾಷ್ಟ್ರಪತಿ ಗ್ಯಾನಿ ಜೈಲ್‌ಸಿಂಗ್ ಬಂದು ಉದ್ಘಾಟಿಸಿದರು. ಅಡಿಕೆ ಬೆಳೆಗಾರರ ಸಂಘವೊಂದು ಚಾಕೊಲೇಟ್ ಮಾಡುತ್ತದೆಂದರೆ ಅಂದು ನಂಬುವವರು ಕಡಿಮೆ. ಲಾಭವನ್ನೇ ನೋಡುವ ಕಂಪನಿ ಬಿಟ್ಟುಹೋದ ಬೆಳೆಯನ್ನು, ಬಿಟ್ಟುಹೋಗಲು ಬೇರೆ ಜಾಗವೇ ಇಲ್ಲದವರು ಎತ್ತಿ ಹಿಡಿದರು. ಸ್ಥಳೀಯ ಬಂಡವಾಳದ ಅತಿ ದೊಡ್ಡ ಗುಣ ನನ್ನ ಪ್ರಕಾರ ಇದೇ. ನಷ್ಟದ ವರ್ಷದಲ್ಲಿಯೂ ಅದು ಊರು ಬಿಡುವುದಿಲ್ಲ.

ಮತ್ತೆ ಬ್ಯಾಂಕುಗಳಿಗೆ ಬರೋಣ. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಬಿದ್ದಿತು. ದೇಶವೇ ನಡುಗಿತು. ರಿಸರ್ವ್ ಬ್ಯಾಂಕ್ ಸಣ್ಣ ಬ್ಯಾಂಕುಗಳನ್ನು ದೊಡ್ಡವುಗಳಲ್ಲಿ ವಿಲೀನ ಮಾಡಿಸಿತು. ಶೃಂಗೇರಿ ಶಾರದಾ ಬ್ಯಾಂಕ್, ಚಿತ್ರದುರ್ಗ ಬ್ಯಾಂಕ್ ಕರ್ಣಾಟಕ ಬ್ಯಾಂಕಿಗೆ ಬಂದವು. 1962ರಲ್ಲಿ ಠೇವಣಿ ವಿಮೆ ಬಂತು, ಮೊದಲ ಮಿತಿ 1,500 ರೂಪಾಯಿ, 2020ರಿಂದ 5 ಲಕ್ಷ. 1969ರಲ್ಲಿ ಕೆನರಾ, ಸಿಂಡಿಕೇಟ್ ರಾಷ್ಟ್ರೀಕರಣವಾದವು, 1980ರಲ್ಲಿ ಕಾರ್ಪೊರೇಷನ್, ವಿಜಯಾ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಐದರಲ್ಲಿ ಖಾಸಗಿಯಾಗಿಯೇ ಉಳಿದದ್ದು ಕರ್ಣಾಟಕ ಬ್ಯಾಂಕ್ ಒಂದೇ.

ವಿಲೀನದ ದಿನಗಳಲ್ಲಿ ಕರಾವಳಿಯಲ್ಲಿ ಪ್ರತಿಭಟನೆ ನಡೆಯಿತು. ಜನರ ನೋವು ನಿಜವಾದದ್ದು. ಆದರೆ ಬೋರ್ಡು ಬದಲಾಗುವುದಕ್ಕೆ ಎಷ್ಟೋ ಮೊದಲೇ ತೀರ್ಮಾನ ಊರು ಬಿಟ್ಟಾಗಿತ್ತು. ರಾಷ್ಟ್ರೀಕರಣದಿಂದ ಆದ್ಯತಾ ವಲಯದ ಸಾಲ ಬಂತು, ಬೇಲಿಯ ಹೊರಗಿದ್ದವರಿಗೆ ಶಾಖೆಯ ಮೆಟ್ಟಿಲು ಹತ್ತುವ ಧೈರ್ಯ ಬಂತು. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. 1930ರ ಬ್ಯಾಂಕುಗಳು ಹಾಗೆಯೇ ಮರಳಿ ಬರಲಿ ಎಂಬ ಆಸೆ ನನಗಿಲ್ಲ. ಜೊತೆಯಲ್ಲೇ ನಡೆದ ಇನ್ನೊಂದು ಬದಲಾವಣೆಯನ್ನು ಮಾತ್ರ ನಾವು ಗಮನಿಸಲಿಲ್ಲ. ಶಾಖೆಯ ಮ್ಯಾನೇಜರ್ ಮೂರು ವರ್ಷಕ್ಕೆ ವರ್ಗವಾಗುವವರಾದರು, ಈಗಂತೂ ಎಷ್ಟೋ ಕಡೆ ಊರಿನ ಭಾಷೆ ಬಾರದವರು. ಅರ್ಜಿ ಇಲ್ಲಿ ಪಡೆಯುತ್ತಾರೆ, ಮಂಜೂರಾತಿ ದೂರದ ಸಂಸ್ಕರಣಾ ಕೇಂದ್ರದಲ್ಲಿ ಆಗುತ್ತದೆ. ಆ ಕೇಂದ್ರದವರಿಗೆ ಹುಡುಗ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬರುತ್ತಾನೆಂದು ಹೇಳುವವರು ಯಾರು?

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ಕಲಿಯಬೇಕು. ಸಾಲ-ಠೇವಣಿ ಅನುಪಾತ. ನಿಮ್ಮ ಊರಿನ ಶಾಖೆಯಲ್ಲಿ ಜನ ಇಟ್ಟ ಪ್ರತಿ 100 ರೂಪಾಯಿಗೆ ಆ ಶಾಖೆ ಊರಲ್ಲಿ ಎಷ್ಟು ಸಾಲ ಕೊಟ್ಟಿದೆ ಎಂಬುದು. ಗ್ರಾಮೀಣ ಮತ್ತು ಅರೆಪಟ್ಟಣದ ಶಾಖೆಗಳಲ್ಲಿ ಒಟ್ಟಾರೆ ಶೇ. 60 ಇರಬೇಕೆಂಬ ಗುರಿಯನ್ನು ರಿಸರ್ವ್ ಬ್ಯಾಂಕ್ ಇಟ್ಟಿದೆ. ಊರಲ್ಲಿ 40 ರೂಪಾಯಿ ಮಾತ್ರ ಸಾಲವಾಗಿದ್ದರೆ ಉಳಿದದ್ದರಲ್ಲಿ ಸ್ವಲ್ಪ ಕಾನೂನಿನ ಪ್ರಕಾರ ಸರ್ಕಾರಿ ಪತ್ರಗಳಲ್ಲಿ, ಮೀಸಲಿನಲ್ಲಿ ಇರುತ್ತದೆ, ಮಿಕ್ಕದ್ದು ಬೇರೆ ಊರಿನ ಅಪಾರ್ಟ್‌ಮೆಂಟು, ಹೆದ್ದಾರಿ, ಕಾರ್ಖಾನೆಗೆ ಹೋಗುತ್ತದೆ. ಅದು ತಪ್ಪೆಂದು ಹೇಳುತ್ತಿಲ್ಲ. ದುಡ್ಡು ಒಂದೂರಿನಿಂದ ಇನ್ನೊಂದೂರಿಗೆ ಹರಿಯುವುದರಿಂದಲೇ ದೇಶ ಬೆಳೆಯುತ್ತದೆ. ಆದರೆ ಕೊಲ್ಲಿ ರಾಷ್ಟ್ರದ ಬಿಸಿಲಲ್ಲಿ ದುಡಿದ ಮಗನ ಹಣ, ಮುಂಬೈಯ ಹೋಟೆಲಿನ ಹಣ ಎಲ್ಲ ಈ ಶಾಖೆಗಳಿಗೆ ಬಂದು, ಅದೇ ಊರಿನಲ್ಲಿ ಮೀನು ಕೆಡದಂತೆ ಇಡಲು ಒಂದು ಶೀತಲೀಕರಣ ಘಟಕಕ್ಕೆ ಸಾಲ ಹುಟ್ಟುವುದಿಲ್ಲ ಎಂದಾದರೆ, ಊರಿನವರಿಗೆ ಆ ಲೆಕ್ಕ ತಿಳಿಯುವ ಹಕ್ಕಾದರೂ ಬೇಕು.

ಸೇರಿ ದುಡ್ಡು ಒಟ್ಟುಮಾಡುವ ಶಕ್ತಿ ನಮ್ಮಲ್ಲಿ ಕುಂದಿಲ್ಲ. ದೇವಸ್ಥಾನದ ಬ್ರಹ್ಮಕಲಶಕ್ಕೆ ಊರು ಹೇಗೆ ಏಳುತ್ತದೆಂದು ನೋಡಿದ್ದೀರಿ. ಊರ ಸಮಿತಿ, ಮಹಿಳಾ ಸಮಿತಿ, ಮುಂಬೈ ಸಮಿತಿ, ಹೊರೆಕಾಣಿಕೆ. ಯಾರ ಮನೆಯಿಂದ ಎಷ್ಟು ತೆಂಗಿನಕಾಯಿ ಬಂತೆಂಬುದಕ್ಕೂ ಲೆಕ್ಕ ಇರುತ್ತದೆ, ಕೊನೆಗೆ ಆಯವ್ಯಯ ಓದಿ ಹೇಳುತ್ತಾರೆ. ಮುಚ್ಚಬೇಕಾಗಿದ್ದ ಕನ್ನಡ ಶಾಲೆಗಳನ್ನು ಹಳೆ ವಿದ್ಯಾರ್ಥಿ ಸಂಘಗಳು ಬಸ್ಸು ಕೊಂಡು, ಶಿಕ್ಷಕರ ಸಂಬಳ ಕೊಟ್ಟು ಉಳಿಸಿವೆ. ಇದೇ ಶಿಸ್ತು, ಇದೇ ಲೆಕ್ಕ ಊರಿನ ಉದ್ಯಮಕ್ಕೂ ಬರಬೇಕೆಂಬುದು ನನ್ನ ಕಳಕಳಿ. ಆದರೆ ಒಂದು ಎಚ್ಚರಿಕೆ. ಪ್ರಾಥಮಿಕ ಪತ್ತಿನ ಸಂಘಗಳಿಗೆ, ಸೌಹಾರ್ದ ಪತ್ತಿನ ಸಹಕಾರಿಗಳಿಗೆ ಆ 5 ಲಕ್ಷದ ಠೇವಣಿ ವಿಮೆಯ ರಕ್ಷಣೆ ಇಲ್ಲ. ಹೆಚ್ಚು ಬಡ್ಡಿ ಎಂಬ ಫಲಕ ನೋಡಿ ನಿವೃತ್ತಿಯ ಗಂಟನ್ನು ಇಟ್ಟು ಕಳೆದುಕೊಂಡವರ ಮನೆಗಳಿಗೆ ನಾನು ಹೋಗಿದ್ದೇನೆ. ನಮ್ಮವರು ಎಂಬ ನಂಬಿಕೆಯ ಮೇಲೆ ಲೆಕ್ಕಪರಿಶೋಧನೆಯನ್ನು ಬಿಟ್ಟುಬಿಟ್ಟ ಕಡೆಯಲ್ಲೇ ಇದು ಆಗುತ್ತದೆ. ವಾರ್ಷಿಕ ಮಹಾಸಭೆಗೆ ಹೋಗಿ, ಊಟದ ಮೊದಲು ಪರಿಶೋಧಕರ ವರದಿ ಓದಿ, ಸುಸ್ತಿ ಸಾಲ ಎಷ್ಟೆಂದು ಎದ್ದು ನಿಂತು ಕೇಳಿ. ಕೇಳಿದವನನ್ನು ಜಗಳಗಂಟ ಎನ್ನುತ್ತಾರೆ. ಎನ್ನಲಿ.

ಕೊನೆಯದಾಗಿ ಮಾಡಲು ಸಾಧ್ಯವಿರುವ ಒಂದು ಕೆಲಸ. 1969ರ ಅಗ್ರಣಿ ಬ್ಯಾಂಕ್ ಯೋಜನೆಯಡಿ ಪ್ರತಿ ಜಿಲ್ಲೆಯಲ್ಲೂ ಒಂದು ಬ್ಯಾಂಕಿಗೆ ಹೊಣೆ ವಹಿಸಲಾಗಿದೆ. ಜಿಲ್ಲಾ ಮಟ್ಟದಲ್ಲಿ, ತಾಲೂಕು ಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆ ಬ್ಯಾಂಕರುಗಳ ಸಭೆ ನಡೆಯುತ್ತದೆ. ಪ್ರತಿ ಶಾಖೆಯ ಠೇವಣಿ, ಸಾಲ ಎರಡೂ ಅಲ್ಲಿ ಮೇಜಿನ ಮೇಲಿರುತ್ತವೆ. ತಾಲೂಕು ಮಟ್ಟದ ಸಭೆಗೆ ಆರು ತಿಂಗಳಿಗೊಮ್ಮೆ ಪಂಚಾಯತ್ ಪ್ರತಿನಿಧಿಗಳನ್ನೂ ಕರೆಯಬೇಕೆಂದು ನಿಯಮವೇ ಇದೆ. ಎಷ್ಟು ಮಂದಿ ಹೋಗುತ್ತಾರೆ, ಹೋದವರು ಏನು ಕೇಳುತ್ತಾರೆ? ಗ್ರಾಮಸಭೆಯಲ್ಲಿ ಬೀದಿದೀಪದ ಜೊತೆಗೆ ಇದನ್ನೂ ಎತ್ತಿ: ನಮ್ಮ ಶಾಖೆಯಲ್ಲಿ ಠೇವಣಿ ಎಷ್ಟು, ಸಾಲ ಎಷ್ಟು, ಹೆಂಗಸರಿಗೆ ಎಷ್ಟು, ಜಮೀನಿಲ್ಲದವರಿಗೆ ಎಷ್ಟು. ಈ ಕಾಲೇಜಿನ ಅರ್ಥಶಾಸ್ತ್ರ ವಿಭಾಗದ ವಿದ್ಯಾರ್ಥಿಗಳು ಸುತ್ತಲಿನ ಪಂಚಾಯತುಗಳಿಗೆ ಆ ಅಂಕಿಅಂಶವನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗುವಂತೆ ಸಿದ್ಧಪಡಿಸಿ ಕೊಡಬಹುದು. ಅಗ್ರಣಿ ಬ್ಯಾಂಕಿನ ಕಚೇರಿಗೆ ಬರೆಯಬೇಕಾದ ಪತ್ರದ ಕರಡನ್ನು ನಾನು ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟಿದ್ದೇನೆ.